ಕಂಬಳಿ ಒಗೆದರೆ ಪಾವಗಡ

ಫೋನಿನಲ್ಲಿ ಮಾತು ಮುಗಿಸುವಾಗ ಲೋಕದ ಜನ "ಇಡ್ತೀನಿ" ಅನ್ನುತ್ತಾರೆ, "ಸರಿ ಹಂಗಾದ್ರೆ" ಅನ್ನುತ್ತಾರೆ. ನಮ್ಮ ಮನೆಯವರು "ಓವರ್" ಅನ್ನುತ್ತೇವೆ. ಸ್ಟೈಲಿಗೆ ಅನ್ನುವುದಲ್ಲ, ಬಾಯಿಗೆ ಬಂದುಬಿಡುತ್ತದೆ. ಮೊನ್ನೆ ಗ್ಯಾಸಿನವರಿಗೆ ಫೋನ್ ಮಾಡಿದ್ದೆ. ಆ ಹುಡುಗಿ ಬಹಳ ಮರ್ಯಾದೆಯಿಂದ "ಇನ್ನೇನಾದ್ರೂ ಸಹಾಯ ಬೇಕಿತ್ತಾ ಮೇಡಂ?" ಎಂದಳು. "ಏನಿಲ್ಲಮ್ಮ, ಓವರ್" ಎಂದೆ. ಆ ಕಡೆಯಿಂದ ಕಿಸಕ್ಕನೆ ನಗು ಕೇಳಿಸಿತು. ಸಿಲಿಂಡರ್ ಮಾತ್ರ ಮಾರನೇ ದಿನವೇ ಬಂತು.

ಶಾಲೆಯಲ್ಲೂ ಇದೇ ಪಾಡು. ನಾನು ಮಧುಗಿರಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಶಬ್ದದ ತರಂಗಗಳ ಪಾಠ ಮುಗಿಸಿ, ಸೀಮೆಸುಣ್ಣ ಕೆಳಗಿಟ್ಟು, "ಅರ್ಥ ಆಯ್ತಾ? ಓವರ್" ಎಂದುಬಿಟ್ಟೆ. ಅವತ್ತಿನಿಂದ ನನ್ನ ಹೆಸರು ಓವರ್ ಮಿಸ್. ಹಾಜರಿ ಪುಸ್ತಕದಲ್ಲಿರುವ ಹೆಸರು ನನಗೆ ಮತ್ತು ಹೆಡ್ಮಾಸ್ಟರಿಗೆ ಮಾತ್ರ ಗೊತ್ತು. ಹೆಡ್ಮಾಸ್ಟರ ಮೇಲೂ ಈಚೆಗೆ ನನಗೆ ಅನುಮಾನವಿದೆ.

ಇದಕ್ಕೆಲ್ಲ ಕಾರಣ ಅಪ್ಪ. ಅಪ್ಪನಿಗೆ ಕಾರಣ ಶಿರಾದ ರೇಡಿಯೋ ಸಾಬರು.

ಅಪ್ಪ ದನದಾಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ಬೀಡಿ ಇಲ್ಲ, ಇಸ್ಪೀಟಿಲ್ಲ, ಹೋಟೆಲಿನ ಚಟವಿಲ್ಲ. ಆದರೆ ಹಳೇ ರೇಡಿಯೋ ಕಂಡರೆ ಅವರ ಕೈಕಾಲು ನಿಲ್ಲುತ್ತಿರಲಿಲ್ಲ. ಶಿರಾದಲ್ಲಿ ಸಾಬರೊಬ್ಬರು ಕೆಟ್ಟ ರೇಡಿಯೋಗಳನ್ನು ಬಿಚ್ಚಿ, ಒಂದರ ಕರುಳು ಇನ್ನೊಂದಕ್ಕೆ ಹಾಕಿ, ಎಬ್ಬಿಸಿ ಕೂರಿಸಿ ಮಾರುತ್ತಿದ್ದರು. ಅಪ್ಪ ಹಬ್ಬದ ಬಟ್ಟೆ ತರಲು ಶಿರಾಕ್ಕೆ ಹೋದರೆ ನಮಗೆ ಲಂಗ ಬರುತ್ತದೋ ಇಲ್ಲವೋ, ಬಗಲಲ್ಲಿ ಒಂದು ರೇಡಿಯೋ ಮಾತ್ರ ಗ್ಯಾರಂಟಿ. ಅಮ್ಮ ಬಾಗಿಲಲ್ಲೇ ನಿಂತು ಅದನ್ನು ಸವತಿಯನ್ನು ನೋಡುವ ಹಾಗೆ ನೋಡುತ್ತಿದ್ದಳು.

ಆ ಸೆಟ್ಟುಗಳ ಸೆಲ್ಲು ಮುಗಿಯುತ್ತ ಬಂದರೆ ಎಸೆಯುವ ಪದ್ಧತಿ ನಮ್ಮಲ್ಲಿರಲಿಲ್ಲ. ಮಾಳಿಗೆಯ ಮೇಲೆ ಹಪ್ಪಳ ಸಂಡಿಗೆಯ ಪಕ್ಕದಲ್ಲಿ ಸೆಲ್ಲುಗಳನ್ನೂ ಬಿಸಿಲಿಗೆ ಹರವುತ್ತಿದ್ದೆವು. ಬಿಸಿಲು ಕುಡಿದರೆ ಅವಕ್ಕೆ ಮತ್ತೆ ಜೀವ ಬರುತ್ತದೆ ಎಂದು ಅಪ್ಪನ ನಂಬಿಕೆ. ಕಾಗೆ ಓಡಿಸುವ ಕೆಲಸ ನನ್ನದು. ಕಾಗೆ ಸಂಡಿಗೆ ಕದ್ದೊಯ್ದಾಗ ನಾನು ಸುಮ್ಮನಿರುತ್ತಿದ್ದೆ, ಸೆಲ್ಲಿನ ಕಡೆ ತಿರುಗಿ ನೋಡಿದರೆ ಸಾಕು, ಕೋಲು ಹಿಡಿದು ಹಾರುತ್ತಿದ್ದೆ. ವಿಜ್ಞಾನದ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಹೀಗೆ.

ಮೊದಲ ಸೆಟ್ಟು ಚರ್ಮದ ಅಂಗಿ ತೊಟ್ಟ ಕೆಂಪು ಮಾಡೆಲ್. ನೋಡಲು ಮದುವಣಗಿತ್ತಿ. ಅದಕ್ಕೆ ಪಕ್ಕದ ಮನೆ ಜಯಮ್ಮನವರ ಮಿಕ್ಸಿ ಬಿಟ್ಟು ಬೇರೆ ಸ್ಟೇಷನ್ನೇ ಸಿಗುತ್ತಿರಲಿಲ್ಲ. ಅವರ ಮನೆಯಲ್ಲಿ ಚಟ್ನಿಯೋ ದೋಸೆಹಿಟ್ಟೋ ಎಂದು ಸದ್ದಿನ ಮೇಲೆ ಹೇಳುವಷ್ಟು ಅಪ್ಪ ಪಳಗಿದ್ದರು. ಎರಡನೆಯದು ಟಾರ್ಚ್ ಜೋಡಿಸಿದ ಸೆಟ್ಟು, ಟಾರ್ಚ್ ಹತ್ತಿಸಿದರೆ ಮಾತ್ರ ಹಾಡುತ್ತಿತ್ತು. ನಡುಮಧ್ಯಾಹ್ನ ಮನೆಯವರೆಲ್ಲ ಟಾರ್ಚ್ ಹೊತ್ತಿಸಿಕೊಂಡು ಕೃಷಿರಂಗ ಕೇಳುತ್ತ ಕೂತಿರುವುದನ್ನು ನೋಡಿ ನೆಂಟರೊಬ್ಬರು ಬಂದ ಹಾಗೇ ವಾಪಸ್ ಹೋದದ್ದುಂಟು.

ಮೂರನೆಯದೇ ನಮ್ಮ ಕಥಾನಾಯಕ. ಅದು ಬರುವ ಹೊತ್ತಿಗೆ ಅಪ್ಪ ರಿಟೈರ್ ಆಗಿದ್ದರು, ನನಗೆ ಕೆಲಸ ಸಿಕ್ಕಿತ್ತು, ಎಲ್ಲರ ಕೈಗೂ ಮೊಬೈಲ್ ಬಂದಿತ್ತು. "ಫಾರಿನ್ ಸೆಟ್ ಹೈ ಕಾಂಪೌಂಡರ್ ಸಾಬ್. ಇದ್ರಲ್ಲಿ ಪೂರಾ ದುನಿಯಾ ಸಿಗ್ತದೆ. ಆಪ್ ಕೋ ಬೋಲ್ಕೆ, ನಿಮ್ಗೇ ಅಂತ ಇಟ್ಟೀನಿ" ಎಂದು ಸಾಬರು ಕೊಟ್ಟರಂತೆ. ಉದ್ದನೆಯ ಮೈ, ನಾಲ್ಕು ಬ್ಯಾಂಡು, ಮುರಿದ ಏರಿಯಲ್ಲು. ಅಪ್ಪ ಏರಿಯಲ್ಲಿಗೆ ಕೊಡೆಯ ಕಡ್ಡಿ ಕಟ್ಟಿದರು. ಅಡುಗೆಮನೆಯ ಕಿಟಕಿ ಪಕ್ಕ, ಅಕ್ಕಿ ಡಬ್ಬದ ಮೇಲೆ ಕೂರಿಸಿದರು. ಕಡ್ಡಿಯಿಂದ ಒಂದು ವೈರು ಎಳೆದು ಹಿತ್ತಿಲಿನ ಬಟ್ಟೆ ಒಣಹಾಕುವ ತಂತಿಗೆ ಸುತ್ತಿದರು. ಆಮೇಲೆ ಮುಳ್ಳು ತಿರುಗಿಸುತ್ತ ತಿರುಗಿಸುತ್ತ ಕೊನೆಗೆ ಬಂದರು. ಅಲ್ಲಿಗೂ ನಿಲ್ಲದೆ ಇನ್ನೊಂಚೂರು ಒತ್ತಿದರು.

"ಸಾಹೇಬ್ರಿಗೆ ಟೀ ಹೋಯ್ತಾ? ಓವರ್" ಎಂದಿತು ರೇಡಿಯೋ.

"ಹೋಯ್ತು. ಸಕ್ಕರೆ ಇಲ್ದೆ. ಓವರ್" ಎಂದು ಇನ್ನೊಂದು ದನಿ.

"ಪೊಲೀಸ್ರು ಕಣಮ್ಮ!" ಎಂದರು ಅಪ್ಪ, ಪಿಸುಮಾತಿನಲ್ಲಿ. ನಾವು ಮಾತಾಡಿದ್ದು ಅವರಿಗೂ ಕೇಳಿಸುತ್ತದೆ ಎಂದು ಅಪ್ಪನಿಗೆ ಹೆದರಿಕೆ. ನಾನು ವಿಜ್ಞಾನದ ಟೀಚರು, ಹಾಗೇನೂ ಆಗುವುದಿಲ್ಲ ಎಂದು ವಿವರಿಸಿದೆ. ವಿವರಿಸಿದ್ದೂ ಪಿಸುಮಾತಿನಲ್ಲೇ.

ಇದು ಕಾನೂನಿಗೆ ವಿರುದ್ಧ ಎಂದು ನನಗೆ ಗೊತ್ತಿತ್ತು, ಹೇಳಿಯೂ ಹೇಳಿದೆ. ಆದರೆ ಕೇಳಿಸುತ್ತಿದ್ದದ್ದು ಎಂಥ ಗುಟ್ಟು ಅಂತೀರಿ! ಯಾರ ಊಟ ಆಯಿತು, ಯಾರದ್ದು ಆಗಿಲ್ಲ, ಜೀಪು ಯಾಕೆ ಸ್ಟಾರ್ಟ್ ಆಗುತ್ತಿಲ್ಲ, ರಸ್ತೆ ನಡುವೆ ಮಲಗಿರುವ ಎಮ್ಮೆ ಯಾರದ್ದು. ಎಮ್ಮೆ ವಿಷಯ ಬಂದರೆ ಅಪ್ಪನಿಗೆ ತಡೆಯಲಾಗುತ್ತಿರಲಿಲ್ಲ, "ಬಾಲ ಹಿಡಿದು ತಿರುವ್ರಲಾ, ಏಳ್ತದೆ" ಎಂದು ರೇಡಿಯೋಗೆ ಸಲಹೆ ಕೊಡುತ್ತಿದ್ದರು.

ಕೆಲವೇ ದಿನಗಳಲ್ಲಿ ಅಪ್ಪ ಒಂದು ಮಹಾ ಸಿದ್ಧಾಂತ ಕಂಡುಹಿಡಿದರು. ಒಂದು ಸಂಜೆ ಅಮ್ಮ ಒದ್ದೆ ಸೀರೆಗಳನ್ನು ತಂತಿಗೆ ಹಾಕಿದ ಕೂಡಲೇ, ಅಲ್ಲಿಯವರೆಗೆ ಮಧುಗಿರಿ ದಾಟದಿದ್ದ ರೇಡಿಯೋ ಕೊರಟಗೆರೆ ಎಳೆಯಿತು. ಅಪ್ಪ ಓಡಿ ಹೋಗಿ ಸೀರೆ ತೆಗೆದರು, ಕೊರಟಗೆರೆ ಹೋಯಿತು. ಮತ್ತೆ ಹಾಕಿದರು, ಬಂತು. ಮನೆಯೊಂದು ಪ್ರಯೋಗಶಾಲೆ ಆಗಿಹೋಯಿತು. ಟವೆಲ್ಲು ಬನಿಯನ್ನು ಹಾಕಿದರೆ ಮಧುಗಿರಿ ಮಾತ್ರ. ಎರಡು ಸೀರೆಗೆ ಕೊರಟಗೆರೆ. ಡಬಲ್ ಬೆಡ್‌ಶೀಟಿಗೆ ಶಿರಾ. ಪಾವಗಡ ದೂರ, ಸಾಲದ್ದಕ್ಕೆ ನಮ್ಮೂರ ಬೆಟ್ಟ ಅಡ್ಡ. ಅದಕ್ಕೆ ಕಂಬಳಿಯೇ ಆಗಬೇಕು. ಹಿಂಡದ ಕಂಬಳಿ, ನೀರು ಸುರಿಯುತ್ತಿರಬೇಕು. ಇದಕ್ಕೆ ಭೌತಶಾಸ್ತ್ರದಲ್ಲಿ ಏನು ವಿವರಣೆ ಎಂದು ದಯವಿಟ್ಟು ನನ್ನನ್ನು ಕೇಳಬೇಡಿ. ಕಣ್ಣಾರೆ ಕಂಡಿದ್ದೇನೆ, ಕಿವಿಯಾರೆ ಕೇಳಿದ್ದೇನೆ, ಮಕ್ಕಳಿಗೆ ಮಾತ್ರ ಹೇಳಿಲ್ಲ.

ಸಿದ್ಧಾಂತ ಅಪ್ಪನದು, ಒಗೆಯುವುದು ಅಮ್ಮ. "ಲೇ, ಆ ಬೆಡ್‌ಶೀಟ್ ಸ್ವಲ್ಪ ಕೊಳೆ ಆಗಿಲ್ವಾ?" ಎಂದು ಅಪ್ಪ ರಾಗ ಎಳೆದರೆ ಶಿರಾದಲ್ಲಿ ಏನೋ ಗಲಾಟೆ ಎಂದು ಅರ್ಥ. ಕಂಬಳಿಯನ್ನು ಅಮ್ಮ ಒಗೆದದ್ದು ಒಂದೇ ಸಲ. ಕುರಿಯುಣ್ಣೆಯ ಕರೀ ಕಂಬಳಿ, ನೆನೆದರೆ ಎಮ್ಮೆಕರುವಿನಷ್ಟು ಭಾರ. ಒಗೆದು ಮುಗಿಸಿ ಸೊಂಟ ಹಿಡಿದುಕೊಂಡು ಅಮ್ಮ ಶಪಥ ಮಾಡಿದಳು: "ಏನೂಂದ್ರೆ, ಕೇಳಿಸ್ಕೊಳ್ಳಿ. ಇನ್ನೊಂದ್ಸಲ ಪಾವಗಡ ಬೇಕು ಅಂದ್ರೆ ನೀವೇ ಒಗೀರಿ. ನಾನಂತೂ ಮುಟ್ಟಲ್ಲ."

ಅಪ್ಪ ಹುಟ್ಟಿದಾರಭ್ಯ ಒಂದು ಕರ್ಚೀಫೂ ಒಗೆದವರಲ್ಲ. ಪಾವಗಡ ಬಂದ್ ಆಯಿತು.

ಆದರೆ ಆ ಒಂದು ದಿನದ ಪಾವಗಡ ಅಮ್ಮನಿಗೂ ಹಿಡಿಸಿಬಿಟ್ಟಿತ್ತು. ಅಲ್ಲಿಯ ಒಬ್ಬ ಪೊಲೀಸಪ್ಪನಿಗೆ ವಿಪರೀತ ನೆಗಡಿ. ತಿರುಮಣಿ ಊರಿನ ಸೋಲಾರ್ ಪ್ಲೇಟುಗಳ ಕೆಳಗೆ ಯಾರದ್ದೋ ಕುರಿಗಳು ನುಗ್ಗಿದ ಸುದ್ದಿ ಹೇಳುತ್ತ, ಕುರಿಗೊಂದು ಸೀನು ಸೀನುತ್ತಿದ್ದ. "ಓವ... ಆಕ್ಷೀ!" ಅಮ್ಮ ತಿಂಗಳುಗಟ್ಟಲೆ ಅವನನ್ನೇ ನೆನೆಸಿಕೊಂಡಳು. "ಪಾಪ, ಆ ಮಗೂಗೆ ಯಾರಾದ್ರೂ ಮೆಣಸಿನ ಕಷಾಯ ಮಾಡಿಕೊಟ್ರೋ ಇಲ್ವೋ."

ಹೀಗಿರಲಾಗಿ ಒಂದು ಶುಕ್ರವಾರ ಅಮ್ಮ ಕೊರಟಗೆರೆ ಹತ್ತಿರದ ಗೊರವನಹಳ್ಳಿ ಲಕ್ಷ್ಮಮ್ಮನ ದರ್ಶನಕ್ಕೆ ಹೊರಟಳು. ಜೊತೆಗೆ ಬರಬೇಕಿದ್ದ ಜಯಮ್ಮನವರ ಮನೆಗೆ ನೆಂಟರು ಬಂದರು, ಅಮ್ಮ ಒಬ್ಬಳೇ ಹೋದಳು. ಮಧ್ಯಾಹ್ನದ ಊಟಕ್ಕೆ ಬರುತ್ತೇನೆ ಎಂದವಳು ಬರಲಿಲ್ಲ. ನಾನು ಶಾಲೆಯಿಂದ ಬಂದೆ, ಅಮ್ಮ ಬಂದಿರಲಿಲ್ಲ. ಫೋನ್ ಮಾಡಿದೆ. ಫ್ರಿಜ್ಜಿನ ಮೇಲೆ ರಿಂಗಾಯಿತು. ಅಮ್ಮನಿಗೆ ನಮ್ಮ ಯಾರ ನಂಬರೂ ಬಾಯಿಪಾಠವಿಲ್ಲ, ಇರುವುದೆಲ್ಲ ಆ ಫೋನಿನೊಳಗೆ.

ಅಪ್ಪ ಬಸ್ ಸ್ಟ್ಯಾಂಡಿಗೆ ಹೋಗಿ ಬಂದರು. ಬಂದವರು ನೇರವಾಗಿ ರೇಡಿಯೋ ಮುಂದೆ ಕೂತರು. ತಂತಿಯ ಮೇಲೆ ಒಂದು ಟವೆಲ್ಲಿತ್ತು, ಮಧುಗಿರಿ ಬರುತ್ತಿತ್ತು. ಅಮ್ಮನ ಸುದ್ದಿ ಇಲ್ಲ.

"ಕೊರಟಗೆರೆ ಕಡೆ ಏನಾದ್ರೂ ಆಗಿದ್ರೆ..." ಎಂದರು. ಎದ್ದು ಬೀರು ತೆಗೆದು ಅಮ್ಮನ ಎರಡು ಸೀರೆ ಬಕೆಟ್ಟಿಗೆ ಅದ್ದಿ ತಂತಿಗೆ ಹಾಕಿದರು. ಒಳ್ಳೊಳ್ಳೆಯ ಸೀರೆಗಳೇ. ಕೊರಟಗೆರೆ ಬಂತು. ಶುಕ್ರವಾರದ ಜನ ಜಾಸ್ತಿ, ಬಸ್ಸು ಸಾಲದು, ಟ್ರಾಫಿಕ್ ನೋಡಿಕೊಳ್ಳಿ ಎನ್ನುವ ಮಾತುಗಳು. ಒಬ್ಬ ಹೆಂಗಸಿನ ಸುದ್ದಿ ಇಲ್ಲ. ಅಪ್ಪ ಎರಡು ಸಲ ಬಾಗಿಲಿಗೆ ಹೋಗಿ ಬಂದರು.

ಆಗ ನನಗೆ ಹೊಳೆಯಿತು. "ಅಪ್ಪ, ಅಮ್ಮ ಬಸ್ಸಲ್ಲಿ ಕೂತ ತಕ್ಷಣ ನಿದ್ದೆ ಮಾಡ್ತಾಳೆ. ಕೊರಟಗೆರೆಯಿಂದ ಬರೋ ಬಸ್ಸು ಮಧುಗಿರೀಲಿ ನಿಂತು ಮುಂದಕ್ಕೆ ಎಲ್ಲಿಗೆ ಹೋಗುತ್ತೆ?"

ಅಪ್ಪ ನನ್ನನ್ನು ನೋಡಿದರು. ನಾನು ಅಪ್ಪನನ್ನು ನೋಡಿದೆ. ಇಬ್ಬರೂ ಅಟ್ಟದ ಮೇಲಿದ್ದ ಕಂಬಳಿ ನೋಡಿದೆವು.

ಬರೀ ನೀರಲ್ಲಿ ಅದ್ದಿದ್ದರೆ ಸಾಕಿತ್ತು. ಆದರೆ ಅಪ್ಪನಿಗೆ ಶಾಸ್ತ್ರ ತಪ್ಪಿಸುವ ಧೈರ್ಯ ಬರಲಿಲ್ಲ. ಹೋದ ಸಲ ಸೋಪು ಹಾಕಿ ಒಗೆದಾಗ ತಾನೇ ಪಾವಗಡ ಬಂದದ್ದು? ಪಂಚೆ ಎತ್ತಿ ಕಟ್ಟಿ ಒಗೆಯುವ ಕಲ್ಲಿನ ಮುಂದೆ ನಿಂತರು. ಸೋಪು ಯಾವ ಕಡೆಯಿಂದ ಹಚ್ಚಬೇಕು ಎಂದು ಕೇಳಿದರು. ಎರಡು ಸಲ ಜಾರಿದರು. ನಾನು ಹಿಡಿಯಲು ಹೋದರೆ "ಬ್ಯಾಡ ಬುಡು. ನೀವೇ ಒಗೀರಿ ಅಂತ ನಿಮ್ಮಮ್ಮ ನಂಗೆ ಹೇಳಿದ್ಲು" ಎಂದರು. ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಊರಿನ ಎಷ್ಟೋ ಕರುಗಳನ್ನು ಎಳೆದು ಹೊರಗೆ ಹಾಕಿದ್ದ ಕೈಗೆ ಆ ಕಂಬಳಿ ಮಗುಚಲು ಬರುತ್ತಿರಲಿಲ್ಲ.

ಹಿಂಡದೆ, ಇಬ್ಬರೂ ಎರಡು ಕಡೆ ಹಿಡಿದು, ತಂತಿಗೆ ಏರಿಸಿದೆವು. ತಂತಿ ನೆಲ ಮುಟ್ಟುವಷ್ಟು ಬಾಗಿತು. ಒಳಗೆ ಓಡಿದೆವು. ಗುಂಯ್ ಗುಂಯ್ ಸದ್ದು. ಅಪ್ಪ ಮುಳ್ಳನ್ನು ಕೂದಲೆಳೆಯಷ್ಟು ಸರಿಸಿದರು.

"ಆಕ್ಷೀ!" ಎಂದಿತು ರೇಡಿಯೋ.

ಯಾವ ಸಂಗೀತವೂ ನನಗೆ ಅಷ್ಟು ಹಿತವಾಗಿ ಕೇಳಿಸಿಲ್ಲ.

"ಮಧುಗಿರಿಗೊಂದು ಮೆಸೇಜ್. ಇಲ್ಲೊಬ್ರು ಅಮ್ಮ ಕೂತಿದಾರೆ. ಬಸ್ಸಲ್ಲಿ ನಿದ್ದೆ ಹೋಗಿ ಪಾವಗಡಕ್ಕೆ ಬಂದ್ಬುಟ್ಟಿದಾರೆ. ಮನೆಯವ್ರಿಗೆ ತಿಳ್ಸಬೇಕಂತೆ. ಓವರ್."

"ಗಂಡನ ಹೆಸರೇನು? ಓವರ್."

"ಗಂಡನ ಹೆಸರು ಹೇಳಲ್ಲ ಅಂತಾರೆ. ಏಂ ಚೇಸೇದಿ, ಏನ್ ಮಾಡೋದು! ಅವ್ರ ಕಡೆ ಹೇಳಬಾರದಂತೆ. ಓವರ್."

"ಮತ್ತೆ ಹೆಂಗ್ ಹುಡುಕೋದು? ಗುರುತು ಕೇಳ್ರೀ. ಓವರ್."

ಸ್ವಲ್ಪ ಹೊತ್ತು ಗುಂಯ್ ಗುಂಯ್. ಹಿಂದಿನಿಂದ ಅಮ್ಮನ ದನಿ ಸಣ್ಣಗೆ ಕೇಳಿಸಿತು. ಏನೋ ಹೇಳಿಕೊಡುತ್ತಿದ್ದಳು.

"ಬರ್ಕೊಳ್ಳಿ. ಹಳೇ ದನದಾಸ್ಪತ್ರೆ ಎದುರು ಮನೆ. ಯಜಮಾನರ ಗುರುತು, ಈಗ ತಾನೇ ಕಂಬಳಿ ಒಗೆದಿರ್ತಾರೆ. ಒಗೆದಿಲ್ದೇ ಇದ್ರೆ ಅವ್ರಲ್ಲ. ಆಕ್ಷೀ! ಓವರ್."

ಅಪ್ಪ ರೇಡಿಯೋವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು "ನಾನೇ ಸ್ವಾಮಿ! ನಾನೇ! ಒಗೆದಿದೀನಿ! ಓವರ್!" ಎಂದು ಕೂಗಿದರು. ಅದು ಕೇಳಿಸುವ ಪೆಟ್ಟಿಗೆ, ಹೇಳುವ ಪೆಟ್ಟಿಗೆ ಅಲ್ಲ ಎಂದು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿರುವಾಗಲೇ ಪೊಲೀಸರೊಬ್ಬರು ಬೈಕಿನಲ್ಲಿ ಬಂದಿಳಿದರು. ಸೊಂಟದಲ್ಲಿ ವಾಕಿಟಾಕಿ. "ಯಜಮಾನ್ರೇ, ನಿಮ್ಮ ಮನೆಯವ್ರು..."

"ಗೊತ್ತು ಸ್ವಾಮಿ, ಪಾವಗಡದಲ್ಲವ್ಳೆ. ಹೊರಟ್ವಿ" ಎಂದರು ಅಪ್ಪ.

"ಹೆಂಗ್ ಗೊತ್ತಾಯ್ತು?"

ಅಪ್ಪ ಅಂಗಿಯ ಮುಂದಿನ ಗುಂಡಿಗೆ ಕೈಹಾಕಿದರು. ಅದೇ ಹೊತ್ತಿಗೆ ಪೊಲೀಸರ ಸೊಂಟದ ಸೆಟ್ಟು "ಮನೆ ಸಿಕ್ತಾ? ಓವರ್" ಎಂದಿತು. ನಮ್ಮ ಅಡುಗೆಮನೆಯೂ "ಮನೆ ಸಿಕ್ತಾ? ಓವರ್" ಎಂದಿತು.

ಪೊಲೀಸರು ಮೆಲ್ಲಗೆ ಒಳಗೆ ಬಂದರು. ಅಕ್ಕಿ ಡಬ್ಬ ನೋಡಿದರು, ಕೊಡೆಯ ಕಡ್ಡಿ ನೋಡಿದರು, ವೈರಿನ ಹಿಂದೆಯೇ ಹೋಗಿ ನೀರು ಸುರಿಯುತ್ತಿದ್ದ ಕಂಬಳಿಯ ಮುಂದೆ ನಿಂತರು. "ಏನಮ್ಮ ಇದು?"

"ಬಟ್ಟೆ ಒಣಗಿಸ್ತಾ ಇದೀವಿ ಸರ್. ಓವರ್" ಎಂದೆ. ನಾನು ಜೀವನದಲ್ಲಿ ಮೊದಲ ಸಲ ಆ ಮಾತು ಅಂದದ್ದು ಅವತ್ತೇ, ಅದೂ ಸಾಕ್ಷಾತ್ ಪೊಲೀಸರ ಮುಂದೆ.

ಒಳಗಿನಿಂದ ಪಾವಗಡ ಇನ್ನೊಮ್ಮೆ ಸೀನಿತು. ಪೊಲೀಸರ ಮುಖ ಸಡಿಲವಾಯಿತು. "ನಮ್ಗೇ ಇಷ್ಟು ಕ್ಲಿಯರ್ ಆಗಿ ಕೇಳ್ಸಲ್ಲ ಕಣಮ್ಮ" ಎಂದರು. ಆಮೇಲೆ ದನಿ ಗಟ್ಟಿ ಮಾಡಿಕೊಂಡು, "ಇದು ತಪ್ಪು, ಗೊತ್ತಲ್ಲ? ಮೊದ್ಲು ಅವ್ರನ್ನ ಕರ್ಕೊಂಡ್ ಬನ್ನಿ. ಆಮೇಲೆ ಈ ವೈರ್ ಇಲ್ಲಿರಕೂಡ್ದು" ಎಂದರು. ಅಪ್ಪ ಅವರೆದುರೇ ವೈರು ಕಿತ್ತರು. ಕಿತ್ತ ರಭಸಕ್ಕೆ ತಂತಿಯೂ ಕಿತ್ತು ಬಂತು, ಕಂಬಳಿ, ಎರಡು ಸೀರೆ, ಟವೆಲ್ಲು ಎಲ್ಲ ಮಣ್ಣಿಗೆ ಬಿದ್ದವು. ನಾವು ತಿರುಗಿಯೂ ನೋಡದೆ ಬಸ್ಸಿಗೆ ಓಡಿದೆವು.

ಪಾವಗಡದ ಠಾಣೆಯ ಬೆಂಚಿನ ಮೇಲೆ ಅಮ್ಮ ಮಹಾರಾಣಿಯ ಹಾಗೆ ಕೂತಿದ್ದಳು. ಪ್ರಸಾದದ ಪೊಟ್ಟಣ ಬಿಚ್ಚಿ ಎಲ್ಲರಿಗೂ ಹಂಚಿ ಆಗಿತ್ತು. ನೆಗಡಿಯ ಪೊಲೀಸಪ್ಪ ಲೋಟದಲ್ಲಿ ಏನೋ ಕುಡಿಯುತ್ತಿದ್ದ. ಪಕ್ಕದ ಹೋಟೆಲಿನವರಿಗೆ ಹೇಳಿ ಮೆಣಸಿನ ಕಷಾಯ ಮಾಡಿಸಿದ್ದಳಂತೆ. "ಈಯಮ್ಮ ಬಂದ ತಕ್ಷಣ ನಿನ್ನ ನೆಗಡಿ ಇನ್ನೂ ಹೋಗಿಲ್ವಾ ಅಂತ ಕೇಳಿದ್ರು ಸಾರ್. ನಂಗೆ ಈಯಮ್ಮನ್ನ ಎಲ್ಲಿ ನೋಡಿದೀನೋ ಗೊತ್ತೇ ಆಗ್ತಿಲ್ಲ" ಎಂದ ಅವನು. ನಾವು ಮೂವರೂ ಗೋಡೆಯ ಗಡಿಯಾರ ನೋಡಿದೆವು.

"ವಾಪಸ್ ಬಸ್ ಹತ್ಬೋದಿತ್ತಲ್ಲೇ" ಎಂದರು ಅಪ್ಪ.

"ಹತ್ತಿದ್ರೆ ಮತ್ತೆ ನಿದ್ದೆ ಬರ್ತಿತ್ತು. ಈ ಸಲ ಕೊರಟಗೆರೇಲಿ ಎದ್ದೇಳ್ತಿದ್ದೆ" ಎಂದಳು ಅಮ್ಮ. ಅಪ್ಪನ ಕೈ ಹಿಡಿದು ತಿರುಗಿಸಿ ನೋಡಿದಳು. ಬೆರಳುಗಳೆಲ್ಲ ಸೋಪಿನ ನೀರಿಗೆ ಸುಕ್ಕುಗಟ್ಟಿದ್ದವು.

"ನೀವೇ ಒಗೆದ್ರಾ?"

"ಹೂ ಕಣೆ."

"ಸೋಪು ಹಾಕಿ?"

"ಎರಡ್ಸಲ. ಹೆದರಿಕೆ ಆಗಿತ್ತು ಕಣೆ ನಂಗೆ."

ಅಮ್ಮ ಆ ಸುಕ್ಕಿದ ಕೈಯನ್ನು ಸೆರಗಿನಲ್ಲಿ ಒರೆಸಿದಳು. ಅದು ಆಗಲೇ ಒಣಗಿತ್ತು, ಆದರೂ ಒರೆಸಿದಳು. ವಾಪಸ್ ಬಸ್ಸಿನಲ್ಲಿ ಮಧುಗಿರಿಯವರೆಗೆ ಅಪ್ಪನ ಹೆಗಲ ಮೇಲೆ ತಲೆಯಿಟ್ಟು ಗೊರಕೆ ಹೊಡೆದಳು, ಅಪ್ಪ ಕಣ್ಣು ಮಿಟುಕಿಸದೆ ಕೂತಿದ್ದರು, ಸ್ಟಾಪ್ ತಪ್ಪಬಾರದೆಂದು.

ಈಗ ಹಿತ್ತಿಲಿನಲ್ಲಿ ಹೊಸ ತಂತಿಯಿದೆ, ವೈರಿಲ್ಲ. ಪೊಲೀಸರೂ ಅದ್ಯಾವುದೋ ಹೊಸ ಸೆಟ್ಟು ತಂದುಕೊಂಡಿದ್ದಾರಂತೆ, ನಮ್ಮ ಫಾರಿನ್ ಸೆಟ್ಟಿಗೆ ಬರೀ ಗುಂಯ್ ಗುಂಯ್ ಸಿಗುತ್ತದೆ. ಅಮ್ಮ ಮಾತ್ರ ಅದನ್ನು ಅಕ್ಕಿ ಡಬ್ಬದಿಂದ ಇಳಿಸಲು ಬಿಟ್ಟಿಲ್ಲ. ಆಗಾಗ ಕಿವಿಯಿಟ್ಟು ಕೇಳಿ, "ಏನೂಂದ್ರೆ, ಶಿರಾ ಬಂದಂಗಾಯ್ತು, ಆ ಬೆಡ್‌ಶೀಟ್ ಒಂದು ಒಗೀರಿ ನೋಡೋಣ" ಅನ್ನುತ್ತಾಳೆ. ಅಪ್ಪ ಎದ್ದು ಹೋಗಿ ಒಗೆಯುತ್ತಾರೆ. ಈಗ ಮನೆಯ ಬಟ್ಟೆ ಒಗೆಯುವ ಕೆಲಸವೆಲ್ಲ ಅಪ್ಪನದೇ. ಏನೂ ಬರುವುದಿಲ್ಲ ಎಂದು ಅಮ್ಮನಿಗೆ ಗೊತ್ತು, ಅಪ್ಪನಿಗೂ ಗೊತ್ತು. ನಾನಂತೂ ವಿಜ್ಞಾನದ ಟೀಚರು, ಬಾಯಿ ಬಿಡುವುದಿಲ್ಲ.

ಹೋದ ಭಾನುವಾರ ಕಂಬಳಿಯ ಸರದಿ ಬಂತು. ಅಪ್ಪ ಕಲ್ಲಿನ ಮೇಲೆ ಅದನ್ನು ತಿಕ್ಕಿ ತಿಕ್ಕಿ, ಬೆನ್ನು ನೆಟ್ಟಗೆ ಮಾಡಿ, ಅಡುಗೆಮನೆಯ ಕಿಟಕಿಗೆ ಕೂಗಿದರು: "ಪಾವಗಡ ಬಂತೇನೇ? ಓವರ್."

ಒಳಗೆ ರೇಡಿಯೋ ಆಫ್ ಆಗಿತ್ತು. ಅಮ್ಮ ಕಾಫಿ ಹೀರುತ್ತ ಒಂದು ಕ್ಷಣ ಯೋಚಿಸಿದಳು.

"ಸೀನಿದ್ದು ಕೇಳಿಸ್ತು," ಎಂದಳು, "ಇನ್ನೊಂದ್ಸಲ ಸೋಪು ಹಾಕಿ. ಓವರ್."